ಹಾಗಲವಾಡಿಯ ಸ್ಯಾಂಪಲ್‌ಗಳ ಜೊತೆ ಕೋಪನ್‌ಹೇಗನ್ನಿಗೆ

ಕೋಪನ್‌ಹೇಗನ್, ಮೊದಲ ವಾರ

ಕೋಪನ್‌ಹೇಗನ್ ತಲುಪಿದ ಮೂರನೆಯ ದಿನವೇ ನನ್ನ ಬಲಗೈ ಗವಸು ಕಳೆದುಹೋಯಿತು. ತುಮಕೂರಿನ ಶಿರಾ ಗೇಟ್ ಹತ್ತಿರದ ಅಂಗಡಿಯಲ್ಲಿ ಕೊಂಡಿದ್ದ ಉಲ್ಲನ್ ಗವಸು. ಇದನ್ನು ಹಾಕಿಕೊಂಡು ಹಿಮಾಲಯವನ್ನೇ ಹತ್ತಬಹುದು ಎಂದು ಅಂಗಡಿಯವನು ಹೇಳಿದ್ದ. ಅವನು ಹಿಮಾಲಯ ನೋಡಿದವನಲ್ಲ ಎನ್ನುವುದು ಕೋಪನ್‌ಹೇಗನ್ನಿನ ಬಸ್ ಸ್ಟಾಪಿನಲ್ಲಿ ಹತ್ತು ನಿಮಿಷ ನಿಂತಾಗಲೇ ಗೊತ್ತಾಗಿತ್ತು. ಆದರೂ ಕಳೆದಾಗ ಹೊಟ್ಟೆ ಉರಿಯಿತು. ಮಾರನೆಯ ಬೆಳಿಗ್ಗೆ ಅದೇ ದಾರಿಯಲ್ಲಿ ಹೋಗುವಾಗ ನೋಡಿದರೆ ಯಾರೋ ಅದನ್ನು ಎತ್ತಿ ಒಂದು ಕಾಂಪೌಂಡಿನ ಸರಳಿಗೆ ಸಿಕ್ಕಿಸಿದ್ದರು. ಅಲ್ಲಿ ಅದು ಪದ್ಧತಿಯಂತೆ. ದಾರಿಯಲ್ಲಿ ಬಿದ್ದದ್ದನ್ನು ಕಣ್ಣಿಗೆ ಬೀಳುವ ಜಾಗದಲ್ಲಿ ಎತ್ತಿಟ್ಟು ತಮ್ಮ ಪಾಡಿಗೆ ತಾವು ಹೋಗುತ್ತಾರೆ. ನಮ್ಮ ಶಿರಾ ಗೇಟ್‌ನಲ್ಲಿ ಬಿದ್ದಿದ್ದರೆ ನಾಲ್ಕು ಬಸ್ಸು ಹತ್ತಿ ಅದು ರಸ್ತೆಯೊಳಗೇ ಸೇರಿಹೋಗುತ್ತಿತ್ತು.

ಸೈಕಲ್ಲಿನ ದಾರಿಯಲ್ಲಿ ನಡೆದು ಮೊದಲ ವಾರ ಮೂರು ಸಲ ಬೈಸಿಕೊಂಡೆ. ಬೈಗುಳ ಡೇನಿಷ್ ಭಾಷೆಯಲ್ಲಿದ್ದುದರಿಂದ ಮನಸ್ಸಿಗೆ ಹತ್ತಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಯಾವ ಊರು, ಎಷ್ಟು ಮಕ್ಕಳು ಎಂದು ಕೇಳುವುದಿಲ್ಲ. ತುಮಕೂರಿನಿಂದ ಗುಬ್ಬಿ ಮುಟ್ಟುವಷ್ಟರಲ್ಲಿ ನಮ್ಮ ಮೂರು ತಲೆಮಾರಿನ ಸಂಗತಿ ಹೊರಗೆ ಬಂದಿರುತ್ತದೆ. ಅಲ್ಲಿ ಆರು ತಿಂಗಳು ಒಂದೇ ಬಸ್ಸಿನಲ್ಲಿ ಒಂದೇ ಹೆಂಗಸಿನ ಪಕ್ಕ ಕೂತು ಓಡಾಡಿದೆ, ಆಕೆಯ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ವಾಪಸ್ ಬಂದ ಮೇಲೆ ಉಪ್ಪಾರಹಳ್ಳಿಯ ನಮ್ಮ ಬೀದಿಯವರೆಲ್ಲ ಫಾರಿನ್ ಹೇಗಿತ್ತು ಎಂದು ಕೇಳಿದರು. ಚಳಿ ಎಂದೆ. ಅಷ್ಟಕ್ಕೇ ಬಿಟ್ಟೆ. ನಿಜವಾಗಿ ಹೇಳಬೇಕಾದದ್ದು ಹಾಗಲವಾಡಿಯ ಜಯಮ್ಮ ಎನ್ನುವ ಹೆಂಗಸಿನ ವಿಷಯ. ನಾನು ಮಾಡಿದ ಒಂದು ತಪ್ಪು ಆಕೆಯ ಮೈಮೇಲೆ ಬಂತು. ತಪ್ಪೆಂದು ಗೊತ್ತಾದ ಮೇಲೂ ನಾನು ಮಾಡಬೇಕಾದದ್ದನ್ನು ಮಾಡಲಿಲ್ಲ. ಇದನ್ನು ಬಿಟ್ಟು ಬರೀ ಮಂಜು, ಸೈಕಲ್ಲು, ಸಮುದ್ರದ ಗಾಳಿ ಎಂದು ಬರೆದರೆ ಸುಳ್ಳು ಬರೆದಂತಾಗುತ್ತದೆ.

ನಾನು ಓದಿದ್ದು ಬಯೋಕೆಮಿಸ್ಟ್ರಿ. ಪಿಎಚ್.ಡಿ. ಮುಗಿಸಿ ತುಮಕೂರಿನ ಒಂದು ಕಾಲೇಜಿನಲ್ಲಿ ಪಾಠ ಮಾಡಿಕೊಂಡಿದ್ದೆ. ಮೂವತ್ತಾರನೆಯ ವಯಸ್ಸಿನಲ್ಲಿ ಡಯಾಬಿಟಿಸ್ ಮತ್ತು ಹಾರ್ಮೋನುಗಳ ಸಂಶೋಧನೆಯ ತರಬೇತಿಗೆ, ಅಂದರೆ ಪೋಸ್ಟ್‌ಡಾಕ್ ಎನ್ನುತ್ತಾರಲ್ಲ ಅದಕ್ಕೆ, ಡೆನ್ಮಾರ್ಕಿನಿಂದ ಕರೆ ಬಂತು. ಪಕ್ಕದ ಮನೆಯವರಿಗೆ ಇದನ್ನು ವಿವರಿಸುವಷ್ಟರಲ್ಲಿ ಸಾಕುಸಾಕಾಯಿತು. ಡಾಕ್ಟರ್ ಆದಮೇಲೆ ಇನ್ನೇನು ಟ್ರೇನಿಂಗು ಎಂದು ಅವರ ಪ್ರಶ್ನೆ. ಔಷಧಿ ಕೊಡುವ ಡಾಕ್ಟರ್ ಅಲ್ಲ ಎಂದರೆ, ಮತ್ತೆ ಎಂಥ ಡಾಕ್ಟರ್ ಎಂದು ಇನ್ನೊಂದು ಪ್ರಶ್ನೆ. ನನ್ನ ಗಂಡ ನಾಗರಾಜ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಅವನು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ.

“ಸಕ್ಕರೆ ಕಾಯ್ಲೆ ಯಾಕ್ ಬರುತ್ತೆ ಅಂತ ಹುಡುಕ್ತಾಳೆ ಇವ್ಳು. ವಾಸಿ ಮಾಡೋದೆಲ್ಲ ಇವ್ಳ ಕೈಲಿ ಆಗಲ್ಲ.”

ಆಗ ನಾನೂ ಅವರ ಜೊತೆ ಸೇರಿ ನಕ್ಕಿದ್ದೆ.

ಹೊರಡುವ ಮುಂಚೆ, ಹಾಗಲವಾಡಿ

ಕೋಪನ್‌ಹೇಗನ್ನಿಗೆ ನಾನೊಬ್ಬಳೇ ಹೋಗಲಿಲ್ಲ. ನನಗಿಂತ ಮುಂಚೆ, ಒಣ ಮಂಜುಗಡ್ಡೆ ತುಂಬಿದ ಡಬ್ಬಿಗಳಲ್ಲಿ, ಎರಡು ಹಳ್ಳಿಯವರ ರಕ್ತ ಹೋಗಿತ್ತು. ಒಂದು ಕುಣಿಗಲ್ ಕಡೆಯ ಹಳ್ಳಿ, ಇನ್ನೊಂದು ಗುಬ್ಬಿ ತಾಲ್ಲೂಕಿನ ಹಾಗಲವಾಡಿ. ಎರಡೂ ಊರಿನವರದು ರಾಗಿ ಊಟ, ತೆಂಗಿನ ತೋಟ, ಒಂದೇ ಥರದ ದುಡಿಮೆ. ಇಂಥವರಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಹತ್ತಿರ ಬರುತ್ತಿದೆ, ಯಾಕೆ ಎಂದು ತಿಳಿಯುವುದು ನನ್ನ ಕೆಲಸ. ಅದಕ್ಕೆ ಬೇಕಾದದ್ದು ಬೆಳಗಿನ ಖಾಲಿ ಹೊಟ್ಟೆಯ ರಕ್ತ.

ಕುಣಿಗಲ್ ಕಡೆ ಶಾಲೆಯ ಒಂದು ಕೊಠಡಿ ಸಿಕ್ಕಿತ್ತು. ಅಲ್ಲಿನ ಹೆಡ್‌ಮೇಷ್ಟ್ರು ಬಾಗಿಲಲ್ಲಿ ಬೆತ್ತವಿಲ್ಲದ ಪೊಲೀಸಿನ ಹಾಗೆ ನಿಂತು, ರಕ್ತ ಕೊಡುವ ತನಕ ಯಾರಿಗೂ ನಲ್ಲಿಯ ನೀರನ್ನೂ ಮುಟ್ಟಗೊಡಲಿಲ್ಲ. ನಾವು ಅವರನ್ನು ಆಡಿಕೊಂಡು ನಕ್ಕೆವು. ಹಾಗಲವಾಡಿಯಲ್ಲಿ ಶಾಲೆ ಸಿಗಲಿಲ್ಲ. ಜಗಲಿ ದೊಡ್ಡದಾಗಿದೆ ಎಂದು ಜಯಮ್ಮ ತನ್ನ ಮನೆಯನ್ನೇ ಬಿಟ್ಟುಕೊಟ್ಟಳು. ಐವತ್ತೈದರ ಆಸುಪಾಸಿನ ಹೆಂಗಸು, ಗಟ್ಟಿ ಧ್ವನಿ, ಬಾಯಿ ತುಂಬಾ ಮಾತು. ಸೂಜಿಗೆ ಹೆದರಿ ಮನೆಯಲ್ಲೇ ಕೂತವರನ್ನು ಕೈ ಹಿಡಿದು ಎಳೆದುಕೊಂಡು ಬಂದವಳೇ ಆಕೆ. ಆಕೆ ಇಲ್ಲದಿದ್ದರೆ ಹಾಗಲವಾಡಿಯಲ್ಲಿ ಹತ್ತು ಜನರೂ ಬರುತ್ತಿರಲಿಲ್ಲ.

ಒಳಕೋಣೆಯಲ್ಲಿ ನರ್ಸ್ ರಕ್ತ ತೆಗೆಯುತ್ತಿದ್ದಳು. ನಾನು ಟ್ಯೂಬುಗಳನ್ನು ಮಷೀನಿಗೆ ಹಾಕಿ ತಿರುಗಿಸಿ ಐಸಿನಲ್ಲಿ ಇಡುತ್ತಿದ್ದೆ. ನಾಗರಾಜ ಹೆಸರು ಬರೆದುಕೊಳ್ಳಲು, ಫೋಟೋ ತೆಗೆಯಲು ಬಂದಿದ್ದ. ಒಳಗೆ ಬಂದವರನ್ನೆಲ್ಲ ನಾನೇ ಕೇಳುತ್ತಿದ್ದೆ, ಏನೂ ತಿಂದಿಲ್ಲ ತಾನೆ ಎಂದು. ಇಲ್ಲ ಕಣವ್ವ ಎನ್ನುತ್ತಿದ್ದರು. ಯಾರೂ ಸುಳ್ಳು ಹೇಳಲಿಲ್ಲ. ಕೆಲಸ ಮುಗಿಸಿ ಹೋಗುವವರಿಗೆ ಕೊಡಲಿ ಎಂದು ಕಾಫಿಪುಡಿ, ಸಕ್ಕರೆ, ಬಿಸ್ಕತ್ತು ತಂದು ಜಯಮ್ಮನ ಕೈಗೆ ಕೊಟ್ಟಿದ್ದೆ. ನಡುವೆ ನನಗೂ ಒಂದು ಲೋಟ ಬಂತು. ಕುಡಿದು ಲೋಟ ಕಿಟಕಿಯಲ್ಲಿಟ್ಟು ಕೆಲಸ ಮುಂದುವರಿಸಿದೆ.

ಎರಡು ವಾರ ಕಳೆದು ಎಲ್ಲರಿಗೂ ಚೀಟಿ ಕೊಟ್ಟೆವು. ಸಕ್ಕರೆ ಜಾಸ್ತಿ ಬಂದವರ ಚೀಟಿಯಲ್ಲಿ ‘ವೈದ್ಯರನ್ನು ಕಾಣಿ’ ಎಂದು ಬರೆದು ನಾನು ಸಹಿ ಹಾಕಿದ್ದೆ. ಜಯಮ್ಮನದೂ ಜಾಸ್ತಿ ಬಂದಿತ್ತು. ಅವರ ಮನೆಯಲ್ಲಿ ಹಿಂದೆ ಯಾರಿಗೂ ಇರಲಿಲ್ಲ ಎಂದು ಆಕೆ ಎರಡು ಸಲ ಹೇಳಿದಳು. ಹೆದರಬೇಡಿ, ಮೊದಲೇ ಗೊತ್ತಾದದ್ದು ಒಳ್ಳೆಯದೇ ಆಯಿತು ಎಂದೆ. ಆಕೆ ಗುಬ್ಬಿಯ ಒಬ್ಬ ಡಾಕ್ಟರ ಬಳಿ ಹೋದಳು. ಎಂದಿನಂತೆ ಬೆಳಿಗ್ಗೆ ಎದ್ದು ಕಾಫಿ ಕುಡಿದೇ ಹೋಗಿರಬೇಕು, ಅಲ್ಲಿಯೂ ಜಾಸ್ತಿಯೇ ಬಂತು. ಸಕ್ಕರೆ ಇಳಿಸುವ ಮಾತ್ರೆ ಬರೆದುಕೊಟ್ಟರು. ನನ್ನ ಮಾತಿಗೆ ಬೆಲೆ ಕೊಟ್ಟು ಕಾಫಿಗೆ ಸಕ್ಕರೆ ಹಾಕಿಕೊಳ್ಳುವುದನ್ನೂ ಬಿಟ್ಟಳು. ಮುಂದಿನ ಸಲ ಪರೀಕ್ಷೆ ಮಾಡಿದಾಗ ಸಕ್ಕರೆ ಸರಿಯಾಗಿತ್ತು. ಮಾತ್ರೆ ಚೆನ್ನಾಗಿ ಹಿಡಿದಿದೆ, ಮುಂದುವರಿಸಿ ಎಂದರಂತೆ.

ಲ್ಯಾಬ್

ನಾನು ಸೇರಿದ ಲ್ಯಾಬಿನ ಮುಖ್ಯಸ್ಥ ಹೆನ್ರಿಕ್. ಅರವತ್ತು ದಾಟಿದ, ಜಗತ್ತಿನಲ್ಲೆಲ್ಲ ಹೆಸರಿರುವ ಪ್ರೊಫೆಸರ್. ಅವನನ್ನು ಎಲ್ಲರೂ ಹೆನ್ರಿಕ್ ಎಂದೇ ಕರೆಯಬೇಕು. ನನ್ನ ಬಾಯಿಂದ ‘ಸರ್’ ಹೋಗಲು ಒಂದು ತಿಂಗಳು ಬೇಕಾಯಿತು. ಅವನು ಬೆಳಿಗ್ಗೆ ಸೈಕಲ್ ತುಳಿದುಕೊಂಡು ಬಂದು, ಒದ್ದೆ ಸಾಕ್ಸನ್ನು ಕೋಣೆ ಬೆಚ್ಚಗಿಡುವ ರೇಡಿಯೇಟರಿನ ಮೇಲೆ ಒಣಹಾಕಿ, ಬರಿಗಾಲಲ್ಲಿ ಓಡಾಡುತ್ತಿದ್ದ. ನಮ್ಮ ಕಡೆಯ ಪ್ರೊಫೆಸರುಗಳನ್ನು ಆ ಸ್ಥಿತಿಯಲ್ಲಿ ಊಹಿಸಿಕೊಂಡು ನನ್ನಷ್ಟಕ್ಕೆ ನಗುತ್ತಿದ್ದೆ.

ಅಲ್ಲಿ ಇನ್ನೊಂದು ಪದ್ಧತಿ. ಕೆಲಸದಲ್ಲಿ ತಪ್ಪು ಮಾಡಿದವರು ಮಾರನೆಯ ದಿನ ಎಲ್ಲರಿಗೂ ಕೇಕ್ ತರಬೇಕು. ಫ್ರೀಜರಿನ ಬಾಗಿಲು ಸರಿಯಾಗಿ ಹಾಕದಿದ್ದರೆ ಕೇಕ್, ಲೇಬಲ್ ಅದಲುಬದಲಾದರೆ ಕೇಕ್. ಸಕ್ಕರೆ ಕಾಯಿಲೆಯ ಲ್ಯಾಬಿನಲ್ಲಿ ವಾರಕ್ಕೆ ಎರಡು ಸಲ ಕೇಕ್ ಏನು ಎಂದು ಕೇಳಿದೆ. ತಪ್ಪು ಕಡಿಮೆಯಾದರೆ ಕೇಕೂ ಕಡಿಮೆಯಾಗುತ್ತದೆ ಎಂದರು. ಬೈಗುಳವಿಲ್ಲ, ಮುಖ ಗಂಟು ಹಾಕುವುದಿಲ್ಲ, ಮೆಮೋ ಇಲ್ಲ. ಒಪ್ಪಿಕೊಂಡು, ತಿಂದು, ಮುಗಿಸುವುದು. ನನಗೆ ಅದು ಬಹಳ ಇಷ್ಟವಾಗಿತ್ತು.

ನಮ್ಮ ಹಳ್ಳಿಯವರ ರಕ್ತ ನೆಲಮಾಳಿಗೆಯ ಫ್ರೀಜರಿನಲ್ಲಿ, ಮೈನಸ್ ಎಂಬತ್ತು ಡಿಗ್ರಿಯಲ್ಲಿತ್ತು. ಅಲ್ಲಿ ಯಾರಿಗೂ ಹೆಸರಿಲ್ಲ, ನಂಬರ್ ಮಾತ್ರ. ಡಿಸೆಂಬರಿನ ಹೊತ್ತಿಗೆ ಪರೀಕ್ಷೆಗಳ ಫಲ ಬರತೊಡಗಿತು. ಕುಣಿಗಲ್ ಕಡೆಯವರದು ಮಾಮೂಲು. ಹಾಗಲವಾಡಿಯವರದು ವಿಚಿತ್ರ. ಬೆಳಗಿನ ಸಕ್ಕರೆ ಜಾಸ್ತಿ, ಇನ್ಸುಲಿನ್ನೂ ಜಾಸ್ತಿ. ಆದರೆ ಹಿಂದಿನ ಎರಡು ಮೂರು ತಿಂಗಳಲ್ಲಿ ಸಕ್ಕರೆ ಸರಾಸರಿ ಎಷ್ಟಿತ್ತು ಎಂದು ಹೇಳುವ ಇನ್ನೊಂದು ಪರೀಕ್ಷೆಯಲ್ಲಿ ಬಹುಪಾಲು ಎಲ್ಲರೂ ಸರಿಯಾಗಿದ್ದರು. ಹೆನ್ರಿಕ್ ಕುರ್ಚಿಯಿಂದ ಎದ್ದು ನಿಂತ. ಕಾಯಿಲೆ ಶುರುವಾಗುವ ಮುಂಚಿನ, ಈವರೆಗೆ ಯಾರೂ ಗುರುತಿಸದ ಹಂತ ಇದಾಗಿರಬಹುದು ಎಂದ. ನೀರೋ, ಮಣ್ಣೋ, ವಂಶವೋ, ಏನೋ ಒಂದು ಆ ಊರಿನಲ್ಲಿದೆ ಎಂದ. ದೊಡ್ಡದೊಂದು ಯೋಜನೆಗೆ ಅರ್ಜಿ ಬರೆಯತೊಡಗಿದ. ‘ಹಾಗಲವಾಡಿ’ ಎನ್ನಲು ಬಾರದೆ ‘ಹಾಗಾ’ ಎನ್ನುತ್ತಿದ್ದ. ಲ್ಯಾಬಿನ ತುಂಬಾ ಹಾಗಾ, ಹಾಗಾ ಎಂದು ಮಾತಾಗುತ್ತಿತ್ತು, ನಾನು ಉಬ್ಬಿಹೋಗಿದ್ದೆ. ಮಧ್ಯಾಹ್ನ ಮೂರೂವರೆಗೆ ಕತ್ತಲಾಗುವ ಆ ಊರು ಕೂಡ ಆ ತಿಂಗಳು ನನಗೆ ಬೇಸರ ತರಲಿಲ್ಲ.

ಸಂಕ್ರಾಂತಿಗೆ ಜಯಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಕಬ್ಬು ಸಿಗ್ತದಾ ಎಂದು ಕೇಳಿದಳು. ಆಮೇಲೆ ತನ್ನ ಮೈಯ ಸುದ್ದಿ ಹೇಳಿದಳು. ಸಕ್ಕರೆ ಇಳಿದಿದೆಯಂತೆ. ಆದರೆ ಶನಿವಾರ ಒಪ್ಪತ್ತು ಮಾಡುವ ದಿನ ಕೈ ನಡುಗುತ್ತದೆ, ಮೈಯೆಲ್ಲ ಬೆವರುತ್ತದೆ ಎಂದಳು. ಎಷ್ಟೋ ವರ್ಷದಿಂದ ಶನಿವಾರ ಸಾಯಂಕಾಲದ ಒಂದೇ ಊಟ ಆಕೆಯದು. ಒಪ್ಪತ್ತು ಬಿಡಿ, ಹೊತ್ತುಹೊತ್ತಿಗೆ ಊಟ ಮಾಡಿ ಎಂದೆ.

“ದೇವ್ರಿಗೆ ಹೇಳ್ಕಂಡಿರೋದು ಕಣಮ್ಮ, ಅದ್ನ ಬುಡಕಾಗಲ್ಲ. ಮಾತ್ರೆ ಒಂದಿನಾನೂ ತಪ್ಸಿಲ್ಲ, ನೀನೇನ್ ಯೋಚ್ನೆ ಮಾಡ್ಬೇಡ.”

ನನಗೆ ಸಮಾಧಾನ ಹೇಳಿ ಆಕೆ ಫೋನಿಟ್ಟಳು.

ಫೆಬ್ರವರಿ, ಸೋಮವಾರ

ಅಷ್ಟರಲ್ಲಿ ಒಂದು ತೊಡಕು ಬಂತು. ರಾತ್ರಿಯಿಡೀ ಉಪವಾಸವಿದ್ದ ದೇಹ ತನ್ನ ಕೊಬ್ಬನ್ನು ಕರಗಿಸಿ ಉರಿಸುತ್ತಿರುತ್ತದೆ. ರಕ್ತದಲ್ಲಿ ಅದರ ಗುರುತು ಸಿಗಬೇಕು. ಹಾಗಲವಾಡಿಯವರಲ್ಲಿ ಆ ಗುರುತು ಇಲ್ಲವೆನ್ನುವಷ್ಟು ಕಡಿಮೆ. ಮೂರು ಸಲ ಮಾಡಿದೆ, ಮೂರು ಸಲವೂ ಅಷ್ಟೇ. ಹೆನ್ರಿಕ್ ಇದೂ ಆ ಹೊಸ ಹಂತದ ಲಕ್ಷಣವೇ ಇರಬೇಕು ಎಂದ. ನಾನೂ ತಲೆಯಾಡಿಸಿದೆ.

ಆ ಸೋಮವಾರ ನಾನೇ ಪರೀಕ್ಷೆಯ ಮಂಚದ ಮೇಲೆ ಮಲಗಬೇಕಿತ್ತು. ಹೊಸಬರಿಗೆ ಸಕ್ಕರೆಯ ಪರೀಕ್ಷೆ ಕಲಿಸಲು ಲ್ಯಾಬಿನವರೇ ಸರದಿಯ ಮೇಲೆ ರಕ್ತ ಕೊಡುವುದು ವಾಡಿಕೆ. ಅಲ್ಲಿನ ನರ್ಸ್ ಬಿರ್ಗಿಟ್ಟೆ ಮೂವತ್ತು ವರ್ಷ ಇದೇ ಕೆಲಸ ಮಾಡಿದವಳು. ನಿನ್ನೆ ಊಟದ ನಂತರ ಬಾಯಿಗೆ ಏನಾದರೂ ಹೋಗಿದೆಯೇ ಎಂದು ಕೇಳಿದಳು. ಏನೂ ಇಲ್ಲ ಎಂದೆ. ಚೂಯಿಂಗ್ ಗಮ್, ಕೆಮ್ಮಿನ ಸಿರಪ್, ಹಾಲು ಎಂದು ಒಂದೊಂದಾಗಿ ಕೇಳಿದಳು. ಇಲ್ಲ, ಇಲ್ಲ, ಇಲ್ಲ. ಆಕೆ ಬಗ್ಗಿ ನನ್ನ ಮುಖದ ಹತ್ತಿರ ಬಂದಳು.

“ನಿನ್ನ ಬಾಯಲ್ಲಿ ಕಾಫಿಯ ವಾಸನೆ ಇದೆ.”

ಇತ್ತು. ಬೆಳಿಗ್ಗೆ ಐದೂವರೆಗೆ ಎದ್ದು, ತುಮಕೂರಿನಿಂದ ಒಯ್ದಿದ್ದ ಪುಡಿಯಲ್ಲಿ, ಹಾಲು ಸಕ್ಕರೆ ಹಾಕಿ ಒಂದು ಲೋಟ ಕುಡಿದಿದ್ದೆ. ನಾನು ಸುಳ್ಳು ಹೇಳಲಿಲ್ಲ. ಹಲ್ಲುಜ್ಜಿದ್ದನ್ನು ಹೇಗೆ ಯಾರಿಗೂ ಹೇಳುವುದಿಲ್ಲವೋ ಹಾಗೆ ಅದು ನೆನಪಿಗೇ ಬರಲಿಲ್ಲ. ನಮ್ಮಲ್ಲಿ ಎದ್ದ ಮೇಲೆ ಕಾಫಿ, ಆಮೇಲೆ ದಿನ ಶುರು. ಹೊಟ್ಟೆಯ ಲೆಕ್ಕ ತಿಂಡಿಯಿಂದ. ಹತ್ತು ವರ್ಷ ಇದೇ ವಿಷಯ ಓದಿದವಳ ಕಥೆ ಇದು. ಬಿರ್ಗಿಟ್ಟೆ ನಗುತ್ತಾ ನನ್ನನ್ನು ಎಬ್ಬಿಸಿದಳು, ನಾಳೆ ಕೇಕ್ ನಿನ್ನದು ಎಂದಳು. ನಾನೂ ನಕ್ಕೆ. ಮನಸ್ಸಿನ ಒಳಗೆ ಏನೋ ಚುಚ್ಚಿತು, ಆದರೆ ಏನೆಂದು ಅವತ್ತು ಹೊಳೆಯಲಿಲ್ಲ.

ಮಂಗಳವಾರ

ಮಾರನೆಯ ದಿನ ಕೇಕ್ ಒಯ್ದೆ. ಹೆನ್ರಿಕ್ ತನ್ನ ಅರ್ಜಿಯ ಭಾಷಣವನ್ನು ಅಭ್ಯಾಸ ಮಾಡುವವನಿದ್ದ. ಎಲ್ಲರೂ ತಟ್ಟೆ ಹಿಡಿದು ಕೂತೆವು. ದೀಪ ಆರಿಸಿದರು. ಮೊದಲ ಸ್ಲೈಡಿನಲ್ಲಿ ನಾಗರಾಜ ತೆಗೆದ ಫೋಟೋ, ಗೋಡೆಯಷ್ಟು ದೊಡ್ಡದಾಗಿ. ಜಯಮ್ಮನ ಜಗಲಿಯ ಮೇಲೆ ಸಾಲಾಗಿ ಕೂತ ಜನ. ಬೆಳಗಿನ ಬಿಸಿಲು. ಅದು ಹೆನ್ರಿಕ್‌ಗೆ ಬಹಳ ಪ್ರೀತಿಯ ಫೋಟೋ. ನಾನೂ ಅದನ್ನು ನೂರು ಸಲ ನೋಡಿದ್ದೆ.

ಅಷ್ಟು ದೊಡ್ಡದಾಗಿ ಮಾತ್ರ ನೋಡಿರಲಿಲ್ಲ. ಎಲ್ಲರ ಕೈಯಲ್ಲೂ ಸ್ಟೀಲ್ ಲೋಟ. ಒಬ್ಬ ಮುದುಕ ಲೋಟವನ್ನು ಎತ್ತಿ ಬಾಯಿಗೆ ಹುಯ್ದುಕೊಳ್ಳುತ್ತಿದ್ದ. ರಕ್ತ ಕೊಟ್ಟವರ ಮೊಣಕೈ ಮಡಿಕೆಯಲ್ಲಿ ಹತ್ತಿ ಇಟ್ಟು ಬಿಳಿ ಟೇಪು ಅಂಟಿಸುತ್ತಿದ್ದೆವು. ಆ ಸಾಲಿನಲ್ಲಿ ಯಾರ ಕೈಯಲ್ಲೂ ಟೇಪಿಲ್ಲ. ಅವರೆಲ್ಲ ಒಳಗೆ ಬರಲು ಕಾಯುತ್ತಿದ್ದವರು.

ಕಾದು ಕೂತವರಿಗೆ ಜಯಮ್ಮ ಕಾಫಿ ಕೊಟ್ಟಿದ್ದಳು. ತನ್ನ ಜಗಲಿಗೆ ಬೆಳಿಗ್ಗೆ ಆರು ಗಂಟೆಗೆ ಬಂದು ಕೂತವರನ್ನು ಬಾಯಿ ಒಣಗಿಸಿ ಕೂರಿಸುವ ಹೆಂಗಸು ಆಕೆಯಲ್ಲ. ರಕ್ತ ಕೊಟ್ಟ ಮೇಲೆ ಕೊಡಿ ಎಂದು ನಾನು ಬಿಡಿಸಿ ಹೇಳಿದ್ದೆನೇ? ನೆನಪು ಮಾಡಿಕೊಂಡೆ. ಇದನ್ನು ಬಂದವರಿಗೆ ಕೊಡಿ ಎಂದಷ್ಟೇ ಹೇಳಿದ್ದೆ. ಆ ಕಾಫಿಯನ್ನು ನಾನೂ ಕುಡಿದಿದ್ದೆ. ಹಾಲು, ಕೈ ತುಂಬಾ ಸಕ್ಕರೆ. ಹೊಸ ಹಂತ, ನೀರು, ಮಣ್ಣು, ವಂಶ ಎಲ್ಲವೂ ಆ ಲೋಟದಲ್ಲಿತ್ತು.

ಕೇಕಿನ ತಟ್ಟೆಯನ್ನು ಕುರ್ಚಿಯ ಕೆಳಗಿಟ್ಟೆ. ಹೆನ್ರಿಕ್ ಹಾಗಾ ಎಂದು ಮಾತಾಡುತ್ತಲೇ ಇದ್ದ.

ಹನ್ನೊಂದು ದಿನ

ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ನಾಚಿಕೆ. ಆದರೂ ದಿನ ಬಿಡದೆ ಬರೆಯುತ್ತೇನೆ.

ಬುಧವಾರ, ಗುರುವಾರ ಪಟ್ಟಿ ತೆಗೆದು ಕೂತೆ. ನಾಗರಾಜ ಬಂದವರ ಹೆಸರನ್ನು ಸರದಿಯ ಪ್ರಕಾರ ಬರೆದಿದ್ದ. ಮೊದಲು ಒಳಗೆ ಬಂದ ನಾಲ್ಕೈದು ಜನರ ಸಕ್ಕರೆ ಸರಿಯಾಗಿತ್ತು. ಅವರು ಬಂದಾಗ ಕಾಫಿ ಇನ್ನೂ ಆಗಿರಲಿಲ್ಲ. ಅವರ ನಂತರದವರದೆಲ್ಲ ಮೇಲೆ. ಜಯಮ್ಮ ಒಂದು ಲೋಟ ಕುಡಿದು ನಡುವೆ ಒಳಗೆ ಬಂದವಳು, ಆಕೆಯ ಹಿಂದಿನ ತಿಂಗಳುಗಳ ಸರಾಸರಿ ಸರಿಯಾಗಿಯೇ ಇತ್ತು. ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ.

ಶುಕ್ರವಾರ ಹೆನ್ರಿಕ್‌ಗೆ ಹೇಳಿದೆ. ಅವನು ಕೂಗಾಡಲಿಲ್ಲ. ತಾನೇ ಒಂದು ಸಲ ನೋಡುತ್ತೇನೆ ಎಂದ. ಸೋಮವಾರ ಬಂದು, ನೀನು ಹೇಳಿದ್ದು ಸರಿ ಎಂದು ಒಪ್ಪಿ, ಅರ್ಜಿಯನ್ನು ವಾಪಸ್ ತೆಗೆದ. ಆಮೇಲೆ ಕ್ರಮ ಹೇಳಿದ. ಎರಡು ದೇಶದ ನೈತಿಕ ಸಮಿತಿಗಳಿಗೆ ತಿಳಿಸಬೇಕು, ಅವರು ಒಪ್ಪಿದ ಪತ್ರವನ್ನು ಎಲ್ಲರಿಗೂ ಒಟ್ಟಿಗೆ ಕಳಿಸಬೇಕು. ಒಬ್ಬೊಬ್ಬರಿಗೆ ಒಂದೊಂದು ಥರ ಫೋನಿನಲ್ಲಿ ಹೇಳಿದರೆ ಗೊಂದಲವಾಗುತ್ತದೆ. ಅವನ ಮಾತಿನಲ್ಲಿ ದೋಷವಿರಲಿಲ್ಲ. ಜಯಮ್ಮ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ, ಶನಿವಾರ ಬೆವರುತ್ತಾಳೆ ಎನ್ನುವುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನನಗೆ. ಕಾಯಿಲೆಯಿಲ್ಲದವರು ಉಪವಾಸದ ದಿನ ಆ ಮಾತ್ರೆ ನುಂಗಿದರೆ ಸಕ್ಕರೆ ಅಪಾಯದಷ್ಟು ಇಳಿಯುತ್ತದೆ ಎನ್ನುವುದೂ ಗೊತ್ತಿತ್ತು. ನಾನು ಅದನ್ನು ಅವನಿಗೆ ಹೇಳಲಿಲ್ಲ.

ಕ್ರಮ ಎಂದಾಗ ನನಗೆ ಹಗುರವಾಯಿತು ಎನ್ನುವುದು ನಿಜ. ನನ್ನ ಎರಡನೆಯ ವರ್ಷದ ತೀರ್ಮಾನ ಆ ತಿಂಗಳೇ ಆಗಬೇಕಿತ್ತು. ಫೋನ್ ಮಾಡಿದರೆ ಹಾಗಲವಾಡಿಯಿಂದ ಗುಬ್ಬಿಗೆ, ಗುಬ್ಬಿಯಿಂದ ತುಮಕೂರಿಗೆ ಮಾತು ಹರಡುತ್ತದೆ. ಕಾಲೇಜಿನಲ್ಲಿ ನನ್ನ ಮುಖ ನೋಡುವವರು ಯಾರು ಎಂದು ಯೋಚಿಸಿದೆ. ನಾಗರಾಜನಿಗೂ ಹೇಳಲಿಲ್ಲ. ಸೋಮವಾರ ಮಾಡೋಣ ಎಂದುಕೊಂಡೆ, ಬುಧವಾರ ಮಾಡೋಣ ಎಂದುಕೊಂಡೆ. ಒಂದು ಸಲ ಆಕೆಯ ಹೆಸರನ್ನು ಫೋನಿನಲ್ಲಿ ತೆಗೆದು ಬಹಳ ಹೊತ್ತು ನೋಡಿದೆ. ಆಗ ಅಲ್ಲಿ ರಾಗಿ ಬೀಸುವ ಹೊತ್ತು, ತೊಂದರೆಯಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಒಳಗಿಟ್ಟೆ. ರಾಗಿಯನ್ನು ಆಕೆ ಮಿಲ್ಲಿಗೆ ಕೊಡುತ್ತಾಳೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಗೊತ್ತಾದದ್ದು ಮಂಗಳವಾರ. ಮುಂದಿನ ವಾರದ ಶನಿವಾರಕ್ಕೆ ಹನ್ನೊಂದು ದಿನ.

ಭಾನುವಾರ ಬೆಳಿಗ್ಗೆ ನಾಗರಾಜ ಫೋನ್ ಮಾಡಿದ. ಜಯಮ್ಮ ಶನಿವಾರ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಬಿದ್ದಿದ್ದಳಂತೆ. ಗಂಡ ಗಂಗಣ್ಣ ತೋಟದಿಂದ ಬರುವಷ್ಟರಲ್ಲಿ ಎಷ್ಟು ಹೊತ್ತಾಗಿತ್ತೋ ಯಾರಿಗೂ ಗೊತ್ತಿಲ್ಲ. ಗುಬ್ಬಿಗೆ ಒಯ್ದು, ಅಲ್ಲಿಂದ ತುಮಕೂರಿನ ಆಸ್ಪತ್ರೆಗೆ ಕಳಿಸಿದ್ದಾರೆ. ಸಕ್ಕರೆ ಪಾತಾಳಕ್ಕೆ ಇಳಿದಿತ್ತಂತೆ. ಗ್ಲೂಕೋಸ್ ಹಾಕಿ ಸರಿ ಮಾಡಿದ್ದಾರೆ, ಆದರೆ ಕಣ್ಣು ಬಿಟ್ಟಿದ್ದರೂ ಯಾರನ್ನೂ ಗುರುತಿಸುತ್ತಿಲ್ಲ ಎಂದ.

“ಮಾತ್ರೆ ಜಾಸ್ತಿ ಆಗೈತೆ ಅಂತಿದಾರೆ ಕಣೇ. ಅಷ್ಟು ಸಣ್ಣ ಮಾತ್ರೆ, ಅದ್ರಲ್ಲಿ ಜಾಸ್ತಿ ಹೆಂಗಾಗುತ್ತೆ?”

ಆಗ ಅವನಿಗೆ ಎಲ್ಲವನ್ನೂ ಹೇಳಿದೆ. ಫೋನಿನಲ್ಲಿ ಉಪ್ಪಾರಹಳ್ಳಿಯ ನಮ್ಮ ಬೀದಿಯ ತರಕಾರಿ ಗಾಡಿಯ ಕೂಗು ಕೇಳುತ್ತಿತ್ತು. ಕೊನೆಗೆ, ಸಕ್ಕರೆ ಜಾಸ್ತಿ ಎಂದು ಚೀಟಿ ಹೋದ ಉಳಿದವರ ಪಟ್ಟಿ ಕಳಿಸು, ನಾನು ಈಗಲೇ ಹೋಗ್ತೀನಿ ಎಂದ. ಅದೇ ದಿನ ಹಾಗಲವಾಡಿಯ ಆಶಾ ಕಾರ್ಯಕರ್ತೆಯ ಜೊತೆ ಮನೆಮನೆಗೂ ಹೋಗಿ, ನನ್ನ ಚೀಟಿಯಿಂದ ಮಾತ್ರೆ ಹಿಡಿದಿದ್ದವರನ್ನೆಲ್ಲ ಆಸ್ಪತ್ರೆಗೆ ಕಳಿಸಿದ. ಒಂದು ಭಾನುವಾರದಲ್ಲಿ ಮುಗಿಯುವ ಕೆಲಸ ಅದು. ಉಳಿದವರಿಗೆ ಏನೂ ಆಗಿರಲಿಲ್ಲ. ಪತ್ರ ಬರಲು ಇನ್ನೂ ಐದು ವಾರ ಹಿಡಿಯಿತು.

ಎರಡನೆಯ ವರ್ಷದ ಅರ್ಜಿಯನ್ನು ನಾನು ಕೊಡಲಿಲ್ಲ. ಹೊರಡುವ ದಿನ ಬಿರ್ಗಿಟ್ಟೆ ಬಸ್ ಸ್ಟಾಪಿನ ತನಕ ಬಂದಳು. ಆಕೆಗೆ ವಿಷಯ ಗೊತ್ತಾಗಿತ್ತು. ಪೆಟ್ಟಿಗೆಯನ್ನು ಬಸ್ಸಿಗೆ ಏರಿಸಿಕೊಟ್ಟಳು. ಸಮಾಧಾನ ಹೇಳದೆ ಇದ್ದುದಕ್ಕೆ ಆಕೆಯನ್ನು ಇವತ್ತಿಗೂ ನೆನೆಯುತ್ತೇನೆ.

ಹಾಗಲವಾಡಿ

ಊರು ಮುಟ್ಟಿದ ಮೂರನೆಯ ದಿನ ಹಾಗಲವಾಡಿಗೆ ಹೋದೆ. ನಾಗರಾಜ ಬರುತ್ತೇನೆ ಎಂದ, ಬೇಡ ಎಂದೆ. ಗುಬ್ಬಿಯಲ್ಲಿ ಬಸ್ಸು ಬದಲಾಯಿಸುವಾಗ ಒಬ್ಬ ಅಜ್ಜಿ ನನ್ನ ಪಕ್ಕ ಕೂತು ಯಾವೂರಮ್ಮ, ಯಾರ ಮನೆಗೆ ಎಂದು ಕೇಳಿದಳು. ಜಯಮ್ಮನ ಮನೆಗೆ ಎಂದೆ. ಅಯ್ಯೋ ಪಾಪ, ಒಳ್ಳೆ ಹೆಂಗ್ಸು ಎಂದಳು ಅಜ್ಜಿ. ಹೇಗಾಯಿತು ಎನ್ನುವುದನ್ನೆಲ್ಲ ನನಗೇ ವಿವರವಾಗಿ ಹೇಳಿದಳು. ನಾನು ಕೇಳಿಸಿಕೊಂಡೆ.

ಜಯಮ್ಮ ನಡುಮನೆಯ ಮಂಚದ ಮೇಲಿದ್ದಳು. ಮೂಗಿನಲ್ಲಿ ಗಂಜಿ ಹಾಕುವ ನಳಿಗೆ. ಕಣ್ಣು ತೆರೆದಿತ್ತು, ಸೂರಿನ ಕಡೆ ನೋಡುತ್ತಿತ್ತು. ನಾನು ಬಂದಿದ್ದೇನೆ ಎಂದು ಹೆಸರು ಹೇಳಿದೆ. ಕೈ ಹಿಡಿದುಕೊಂಡೆ. ಕೈ ಬೆಚ್ಚಗಿತ್ತು, ಹಿಡಿತವಿರಲಿಲ್ಲ. ಸೂಜಿಗೆ ಹೆದರಿದವರನ್ನೆಲ್ಲ ಎಳೆದುಕೊಂಡು ಬಂದಿದ್ದ ಕೈ. ನಾನು ಅಲ್ಲೇ ಅತ್ತುಬಿಟ್ಟೆ. ಗಂಗಣ್ಣ ನನ್ನನ್ನು ಅಳಲು ಬಿಟ್ಟು ಹೊರಗೆ ಹೋಗಿ ಜಗಲಿಯ ಮೇಲೆ ಕೂತ.

ಆಮೇಲೆ ನಾನೂ ಹೋಗಿ ಕೂತೆ. ಎಲ್ಲವನ್ನೂ ಹೇಳಿದೆ. ಆತ ಕಡಿಮೆ ಮಾತಿನ ಮನುಷ್ಯ, ಒಂದು ಕಡ್ಡಿಯಿಂದ ನೆಲ ಕೆರೆಯುತ್ತಾ ಕೇಳಿದ. ರಕ್ತ ಕೊಡುವ ಮುಂಚೆ ಕಾಫಿ ಕುಡಿದರೆ ಸಕ್ಕರೆ ತಪ್ಪಾಗಿ ಕಾಣುತ್ತದೆ ಎಂದೆ. ಹಂಗಾದರೆ ಅವಳಿಗೆ ಸಕ್ಕರೆ ಕಾಯಿಲೆ ಇರಲೇ ಇಲ್ಲವಾ ಎಂದು ಕೇಳಿದ. ಇರಲಿಲ್ಲ ಎಂದೆ. ಆತ ಕಡ್ಡಿಯನ್ನು ಪಕ್ಕಕ್ಕಿಟ್ಟ. ಕಾಫಿ ಕೊಟ್ಟದ್ದು ಅವಳ ತಪ್ಪಾ ಎಂದು ಕೇಳಿದ. ಅಲ್ಲ, ಹೇಳದೆ ಹೋದದ್ದು, ಕೇಳದೆ ಹೋದದ್ದು ನನ್ನ ತಪ್ಪು ಎಂದೆ. ಸರಿ ಎನ್ನುವ ಹಾಗೆ ತಲೆಯಾಡಿಸಿದ. ತಪ್ಪು ಯಾರಿಗಾದರೂ ಆಗುತ್ತದೆ, ನೀವೇನು ಬೇಕು ಅಂತ ಮಾಡಲಿಲ್ಲ ಎಂದ. ಆತ ಕ್ಷಮಿಸಿದ್ದ. ಅಲ್ಲಿಗೆ ಎದ್ದು ಬರಬಹುದಿತ್ತು.

“ನಿಮಗ್ ಯಾವತ್ತು ಗೊತ್ತಾಯ್ತು ಇದು?”

ಡೆನ್ಮಾರ್ಕಿನಿಂದ ಹಾಗಲವಾಡಿಯ ತನಕ ದಾರಿಯುದ್ದಕ್ಕೂ ನಾನು ಹೆದರಿದ್ದದ್ದು ಈ ಪ್ರಶ್ನೆಗೇ. ಆಕೆ ಬಿದ್ದ ಮೇಲೆ ಗೊತ್ತಾಯಿತು ಎಂದರೆ ಆತ ನಂಬುತ್ತಿದ್ದ. ಯಾರೂ ಅದನ್ನು ಸುಳ್ಳು ಎನ್ನುವವರಿರಲಿಲ್ಲ.

“ಜಯಮ್ಮ ಬೀಳೋಕೆ ಹನ್ನೊಂದು ದಿನ ಮುಂಚೆ” ಎಂದೆ.

ಗಂಗಣ್ಣ ನನ್ನ ಕಡೆ ತಿರುಗಲಿಲ್ಲ. ಬೆರಳು ಮಡಿಸಿ ಎಣಿಸಿದ. ಶನಿವಾರದಿಂದ ಹಿಂದಕ್ಕೆ, ಒಂದೊಂದೇ ದಿನ.

“ಅವ್ಳಿಗೆ ಕವರಿಂದ ಮಾತ್ರೆ ಬಿಡಿಸ್ಕೊಳಕೆ ಬರ್ತಿರ್ಲಿಲ್ಲ. ದಿನಾ ಬೆಳಿಗ್ಗೆ ನಾನೇ ಬಿಡಿಸಿ ಕೈಗ್ ಕೊಡ್ತಿದ್ದೆ” ಎಂದ. “ಆ ಹನ್ನೊಂದ್ ದಿವ್ಸಾನೂ ನಾನೇ ಕೊಟ್ಟಿವ್ನಿ ಕಣಮ್ಮ.”

ಒಳಗೆ ಜಯಮ್ಮನ ಉಸಿರು ಗಂಟಲಿನಲ್ಲಿ ಗೊರಗೊರ ಎನ್ನುತ್ತಿತ್ತು. ಆತ ಎದ್ದು ಅವಳನ್ನು ಮಗ್ಗುಲಿಗೆ ತಿರುಗಿಸಲು ಹೋದ. ನಾನು ಹಿಂದೆ ಹೋಗಿ ಒಂದು ಕೈ ಹಿಡಿಯಲು ನೋಡಿದೆ. ಬೇಡ ಎಂದ.